ಹಳೆಯ ಪಿಕಪ್ಪಿನಲ್ಲಿ ಕಿಡಿ ಸೋತರೆ ಹುಡುಕುವುದು ಎಲ್ಲಿಂದ?



ಕನಕಪುರ ರಸ್ತೆಯ ಕಡೆಯಿಂದ ಬೆಳಗಿನ ಜಾವ ಸೊಪ್ಪು, ಬದನೆ, ಹುರುಳಿಕಾಯಿ ಹೇರಿಕೊಂಡು ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆಗೆ ಹೊರಟ ಹಳೆಯ ಪೆಟ್ರೋಲ್ ಪಿಕಪ್ಪೊಂದನ್ನು ಕಣ್ಣ ಮುಂದೆ ತಂದುಕೊಳ್ಳಿ. ಸಮತಟ್ಟಾದ ರಸ್ತೆಯಲ್ಲಿ ಅದಕ್ಕೆ ಯಾವ ತಕರಾರೂ ಇಲ್ಲ. ಬಸವನಗುಡಿಯ ಏರು ಸಿಕ್ಕಿ ಚಾಲಕ ಆಕ್ಸಿಲರೇಟರ್ ಒತ್ತಿದೊಡನೆ ಇಂಜಿನ್ ಮುಗ್ಗರಿಸತೊಡಗುತ್ತದೆ, ಸೈಲೆನ್ಸರಿನಲ್ಲಿ ಫಟ್ ಫಟ್ ಎಂದು ಹೊಡೆದುಕೊಳ್ಳುತ್ತದೆ, ಗಾಡಿ ಜಗ್ಗಿ ಜಗ್ಗಿ ಸಾಗುತ್ತದೆ. ಕಾಲು ಸಡಿಲಿಸಿದರೆ ಸರಿಹೋಗುತ್ತದೆ, ಒತ್ತಿದರೆ ಮತ್ತೆ ಅದೇ ಕಥೆ. ಚಾಮರಾಜಪೇಟೆಯವರೆಗೆ ಹೇಗೋ ಬಂದು ಅಲ್ಲಿ ನಿಂತೇಬಿಟ್ಟಿತೆಂದರೆ, ಮಾರುಕಟ್ಟೆ ಕೂಗಳತೆಯಲ್ಲಿದ್ದರೂ ಮಾಲು ಮುಟ್ಟುವುದಿಲ್ಲ. ಬೆಳಗಿನ ವ್ಯಾಪಾರ ಮುಗಿದ ಮೇಲೆ ಬಾಡಿದ ಸೊಪ್ಪಿಗೆ ಏನು ಬೆಲೆ ಸಿಗುತ್ತದೆಂಬುದನ್ನು ರೈತರಿಗೆ ಬೇರೆ ಯಾರೂ ಹೇಳಬೇಕಾಗಿಲ್ಲ.

ಮುಂದಿನದು ಇನ್ನೂ ದುಬಾರಿ. ಹತ್ತಿರದಲ್ಲೇ ಜಯಚಾಮರಾಜೇಂದ್ರ ರಸ್ತೆ, ಅಂದರೆ ಎಲ್ಲರ ಬಾಯಲ್ಲಿರುವ ಜೆ.ಸಿ. ರಸ್ತೆ; ಮೋಟಾರು ಬಿಡಿಭಾಗಗಳ ಅಂಗಡಿಗಳ ಸಾಲು. ಮೊದಲು ಪ್ಲಗ್ಗು ಬದಲಾಯಿಸುತ್ತಾರೆ. ಸರಿಹೋಗದಿದ್ದರೆ ಕಾಯಿಲು, ಆಮೇಲೆ ಡಿಸ್ಟ್ರಿಬ್ಯೂಟರಿನ ಮುಚ್ಚಳ, ಆಮೇಲೆ ತಂತಿಗಳು. ಕೊನೆಗೆ ನೋಡಿದರೆ ಡಿಸ್ಟ್ರಿಬ್ಯೂಟರಿನೊಳಗೆ ಎರಡು ಅಂಗುಲದ ಒಂದು ಅರ್ತ್ ತಂತಿ ಎಳೆ ಕಿತ್ತು ನೇತಾಡುತ್ತಿರುತ್ತದೆ. ಭಾಗಗಳನ್ನು ಒಂದೊಂದಾಗಿ ಬದಲಿಸುತ್ತ ದೋಷವನ್ನು ಹುಡುಕುವುದು ಮಣ್ಣು ಪರೀಕ್ಷೆ ಮಾಡಿಸದೆ ಸಿಕ್ಕಿದ ಗೊಬ್ಬರವನ್ನೆಲ್ಲ ಸುರಿದಂತೆಯೇ. ಒಂದು ಬಲ್ಬು, ಒಂದು ಫೀಲರ್ ಗೇಜು, ಸಾಧ್ಯವಿದ್ದರೆ ಒಂದು ಮಲ್ಟಿಮೀಟರ್ ಇದ್ದರೆ ಅರ್ಧ ಗಂಟೆಯಲ್ಲಿ ದೋಷ ಎಲ್ಲಿದೆಯೆಂದು ಹೇಳಬಹುದು.

ಇಲ್ಲಿ ಹೇಳುತ್ತಿರುವುದು ಪಾಯಿಂಟು ಮತ್ತು ಕಂಡೆನ್ಸರ್ ಇರುವ ಹಳೆಯ ಪೆಟ್ರೋಲ್ ವಾಹನಗಳ ವಿಷಯ: ವಿಲ್ಲೀಸ್ ಇಂಜಿನ್ನಿನ ಜೀಪುಗಳು, ಆ ಕಾಲದ ಪೆಟ್ರೋಲ್ ಪಿಕಪ್ಪುಗಳು, ಹಿಂಭಾಗ ಕತ್ತರಿಸಿ ತೊಟ್ಟಿ ಕೂರಿಸಿದ ಅಂಬಾಸಡರ್ ಮೊದಲಾದವು. ಡೀಸೆಲ್ ಇಂಜಿನ್ನಿಗೆ ಕಿಡಿಯ ಪ್ರಶ್ನೆಯೇ ಇಲ್ಲ. ಎಲೆಕ್ಟ್ರಾನಿಕ್ ಕಿಡಿ ವ್ಯವಸ್ಥೆಯುಳ್ಳ ಈಚಿನ ವಾಹನಗಳಲ್ಲಿ ಕೆಳಗೆ ಹೇಳುವ ಪರೀಕ್ಷೆಗಳನ್ನು ಮಾಡಕೂಡದು. ತಂತಿ ಬಿಚ್ಚಿ ಕಿಡಿ ಹಾರಿಸಿ ನೋಡಹೋದರೆ ಅವುಗಳ ಮಾಡ್ಯೂಲ್ ಸುಟ್ಟುಹೋಗಬಹುದು.

ಹನ್ನೆರಡು ವೋಲ್ಟಿನ ಬ್ಯಾಟರಿಯಿಂದ ಹದಿನೈದು ಇಪ್ಪತ್ತು ಸಾವಿರ ವೋಲ್ಟು ಹುಟ್ಟುವುದು ಹೇಗೆ ಎಂಬುದು ಮೊದಲು ಮನಸ್ಸಿಗೆ ಬಂದರೆ ಹುಡುಕುವ ದಾರಿ ತಾನಾಗಿ ತಿಳಿಯುತ್ತದೆ. ಬಾವಿಯ ಪಂಪ್‌ಸೆಟ್ಟಿನ ಉದ್ದನೆಯ ಕೊಳವೆಯಲ್ಲಿ ನೀರು ಜೋರಾಗಿ ಹರಿಯುತ್ತಿರುವಾಗ ಅದನ್ನು ತಟ್ಟನೆ ತಡೆದರೆ ಕೊಳವೆ ಧಡ್ ಎಂದು ಬಡಿದುಕೊಳ್ಳುತ್ತದೆ, ಕೆಲವೊಮ್ಮೆ ಬಿರಿಯುವುದೂ ಉಂಟು. ಹರಿವು ನಿಂತ ಕ್ಷಣದಲ್ಲಿ ಒತ್ತಡ ಹಲವು ಪಟ್ಟು ಏರುವುದರಿಂದ ಹೀಗಾಗುತ್ತದೆ. ಕಾಯಿಲಿನಲ್ಲಿ ನಡೆಯುವುದೂ ಹೆಚ್ಚು ಕಡಿಮೆ ಇದೇ. ಪಾಯಿಂಟು ಮುಚ್ಚಿದ್ದಾಗ ಕಾಯಿಲಿನ ದಪ್ಪ ಸುತ್ತಿನಲ್ಲಿ ಸುಮಾರು 4 ಆಂಪಿಯರ್ ಕರೆಂಟು ಹರಿಯುತ್ತದೆ. ಪಾಯಿಂಟು ತೆರೆದೊಡನೆ ಹರಿವು ಕಡಿಯುತ್ತದೆ. ಆ ಹೊಡೆತಕ್ಕೆ ದಪ್ಪ ಸುತ್ತಿನಲ್ಲೇ ಇನ್ನೂರು ಮುನ್ನೂರು ವೋಲ್ಟು ಹುಟ್ಟಿ, ಸಾವಿರಾರು ಸುತ್ತುಗಳುಳ್ಳ ಸಣ್ಣ ತಂತಿಯಲ್ಲಿ ಅದು ಸುಮಾರು ನೂರು ಪಟ್ಟಾಗುತ್ತದೆ. ಅಮೆರಿಕದ ಒಹಾಯೋದಲ್ಲಿ ರೈತ ಮನೆತನದಲ್ಲಿ 1876ರಲ್ಲಿ ಹುಟ್ಟಿದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಈ ಏರ್ಪಾಡು 1910ರ ಮಾದರಿಯ ಕ್ಯಾಡಿಲಾಕ್ ಕಾರಿನಲ್ಲಿ ಬಳಕೆಗೆ ಬಂದು, ಅಲ್ಲಿಂದ ಮುಂದೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಜಗತ್ತಿನ ಪೆಟ್ರೋಲ್ ವಾಹನಗಳಲ್ಲೆಲ್ಲ ನಡೆದುಬಂತು.

ಆದುದರಿಂದ ಕಿಡಿ ಬಲವಾಗಿರಬೇಕಾದರೆ ಮೂರು ಸಂಗತಿ ಸರಿಯಿರಬೇಕು. ಕಾಯಿಲಿನಲ್ಲಿ ಹರಿವು ತುಂಬಿರಬೇಕು; ಅದು ತಟ್ಟನೆ ಕಡಿಯಬೇಕು; ಹುಟ್ಟಿದ ವೋಲ್ಟು ಪ್ಲಗ್ಗಿನವರೆಗೆ ಸೋರದೆ ಮುಟ್ಟಬೇಕು. ಸಾಮಾನ್ಯವಾಗಿ ಜನ ಹುಡುಕಾಟವನ್ನು ಮೂರನೆಯದರಿಂದ, ಅಂದರೆ ಪ್ಲಗ್ಗಿನಿಂದ ಆರಂಭಿಸುತ್ತಾರೆ. ಆದರೆ ದೋಷ ಹೆಚ್ಚಾಗಿ ಮನೆಮಾಡಿರುವುದು ಮೊದಲ ಎರಡರಲ್ಲಿ. ಬ್ಯಾಟರಿಯ ಕಡೆಯಿಂದ ಹೊರಟು ಪ್ಲಗ್ಗಿನ ಕಡೆಗೆ ಹೋಗುವುದೇ ಸರಿಯಾದ ಕ್ರಮ.

ಕೈ ಹಾಕುವ ಮುನ್ನ ಎಚ್ಚರಿಕೆಯ ಮಾತು. ಕಾರ್ಬ್ಯುರೇಟರಿನಲ್ಲಾಗಲಿ ಪೆಟ್ರೋಲ್ ಕೊಳವೆಯಲ್ಲಾಗಲಿ ಸೋರಿಕೆ ಇದ್ದರೆ, ಪೆಟ್ರೋಲಿನ ವಾಸನೆ ಬರುತ್ತಿದ್ದರೆ ಕಿಡಿಯ ಪರೀಕ್ಷೆ ಬೇಡ. ಮಾರುಕಟ್ಟೆಯ ಬಳಿ ಹುಲ್ಲು, ಗೋಣಿಚೀಲಗಳ ನಡುವೆ ಬಾನೆಟ್ ತೆಗೆದು ಕಿಡಿ ಹಾರಿಸುವುದು ಬೆಂಕಿಗೆ ಕರೆ ಕೊಟ್ಟಂತೆ. ಗೇರನ್ನು ನ್ಯೂಟ್ರಲ್ಲಿನಲ್ಲಿಟ್ಟು ಹ್ಯಾಂಡ್ ಬ್ರೇಕ್ ಹಾಕಿರಬೇಕು. ದಪ್ಪ ತಂತಿಯನ್ನು ಬರಿಗೈಯಲ್ಲಿ ಹಿಡಿಯಕೂಡದು. ರಬ್ಬರು ಹಿಡಿಯ ಇಕ್ಕಳವೇ ಆಗಬೇಕು.

ಕಿಡಿ ನಿಜವಾಗಿ ಸೋತಿದೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿನ ನಡುವಿಗೆ ಬರುವ ತಂತಿಯನ್ನು ಕಿತ್ತು, ಅದರ ತುದಿಯನ್ನು ಇಂಜಿನ್ನಿನ ಕಬ್ಬಿಣದಿಂದ ಕಾಲು ಅಂಗುಲ, ಅಂದರೆ ಸುಮಾರು 6 ಮಿ.ಮೀ. ದೂರದಲ್ಲಿ ಇಕ್ಕಳದಲ್ಲಿ ಹಿಡಿದು, ಇನ್ನೊಬ್ಬರಿಂದ ಸೆಲ್ಫ್ ಹೊಡೆಸಬೇಕು. ನೀಲಿ ಬಣ್ಣದ ದಪ್ಪ ಕಿಡಿ ಚಟ್ ಚಟ್ ಎಂದು ಸದ್ದು ಮಾಡುತ್ತ ತಪ್ಪದೆ ಹಾರಿದರೆ ಕಾಯಿಲಿನವರೆಗೆ ಎಲ್ಲವೂ ಸರಿ. ಹಳದಿ ಅಥವಾ ಕೆಂಪು ಬಣ್ಣದ ನೂಲಿನಂಥ ಕಿಡಿ ಬಂದರೆ, ಇಲ್ಲವೆ ತಂತಿಯನ್ನು ತೀರ ಹತ್ತಿರ ತಂದಾಗ ಮಾತ್ರ ಹಾರಿದರೆ ಸೋತಿದೆಯೆಂದೇ ಅರ್ಥ. ಕಾಲು ಅಂಗುಲಕ್ಕಿಂತ ಹೆಚ್ಚು ದೂರ ಹಿಡಿಯುವುದಾಗಲಿ, ತಂತಿಯನ್ನು ಗಾಳಿಯಲ್ಲಿ ತೂಗಬಿಡುವುದಾಗಲಿ ಬೇಡ. ದಾರಿ ಕಾಣದ ವೋಲ್ಟು ಕಾಯಿಲಿನೊಳಗಿನ ನಿರೋಧಕವನ್ನೇ ಸೀಳಿಬಿಡುತ್ತದೆ.

ಪ್ಲಗ್ಗನ್ನು ಬಿಚ್ಚಿ ಇಂಜಿನ್ ಮೇಲಿಟ್ಟು, ಕಿಡಿ ಬಂತು, ಪ್ಲಗ್ಗು ಸರಿಯಿದೆ ಎಂದು ತೀರ್ಮಾನಿಸುವ ಪದ್ಧತಿ ಊರೂರಲ್ಲಿದೆ. ಇದನ್ನು ನಂಬಬಾರದು. ಬಯಲು ಗಾಳಿಯಲ್ಲಿ ಹಾರುವ ಕಿಡಿ ಸಿಲಿಂಡರಿನೊಳಗೆ ಹಾರಲೇಬೇಕೆಂದಿಲ್ಲ. ಅಲ್ಲಿ ಗಾಳಿ ಹಲವು ಪಟ್ಟು ಒತ್ತಿಕೊಂಡಿರುವುದರಿಂದ ಅದೇ ಸಂದನ್ನು ದಾಟಲು ಬಹಳ ಹೆಚ್ಚು ವೋಲ್ಟು ಬೇಕು. ಏರು ಹತ್ತುವಾಗ ಆಕ್ಸಿಲರೇಟರ್ ಒತ್ತಿದರೆ ಸಿಲಿಂಡರಿಗೆ ಹೆಚ್ಚು ಗಾಳಿ ತುಂಬಿ ಒತ್ತಡ ಇನ್ನೂ ಏರುತ್ತದೆ. ಸೋತ ಕಿಡಿ ಖಾಲಿ ಗಾಡಿಯಲ್ಲಿ ತಲೆಮರೆಸಿಕೊಂಡಿದ್ದು, ಹೇರು ತುಂಬಿ ದಿಬ್ಬ ಹತ್ತುವಾಗಲೇ ಹೊರಬೀಳುವುದು ಈ ಕಾರಣದಿಂದ.

ಈಗ ಬ್ಯಾಟರಿಗೆ ಬರೋಣ. ಚೆನ್ನಾಗಿ ಚಾರ್ಜ್ ಆದ ಬ್ಯಾಟರಿ ಸುಮ್ಮನಿರುವಾಗ 12.6 ವೋಲ್ಟಿನ ಆಸುಪಾಸಿನಲ್ಲಿರುತ್ತದೆ. ಸೆಲ್ಫ್ ಹೊಡೆಯುವಾಗ 9.5ಕ್ಕಿಂತ ಕೆಳಗಿಳಿಯಬಾರದು. ಕಾಯಿಲಿನಲ್ಲಿ ಕೂಡಿಡುವ ಶಕ್ತಿ ಕರೆಂಟಿನ ವರ್ಗಕ್ಕೆ ಅನುಗುಣವಾಗಿರುವುದರಿಂದ ನಷ್ಟ ಕಣ್ಣಿಗೆ ಕಾಣುವುದಕ್ಕಿಂತ ದೊಡ್ಡದು. ಕಾಯಿಲಿಗೆ 12ರ ಬದಲು 10 ವೋಲ್ಟು ಮಾತ್ರ ಮುಟ್ಟಿದರೆ ಕಿಡಿಯ ಶಕ್ತಿಯಲ್ಲಿ ಮೂರನೆಯ ಒಂದು ಭಾಗದಷ್ಟು ಹೋಯಿತು. 9 ಮುಟ್ಟಿದರೆ ಹೆಚ್ಚು ಕಡಿಮೆ ಅರ್ಧವೇ ಹೋಯಿತು. ಸೆಲ್ಫ್ ತಿರುಗುತ್ತಿರುವಾಗ ಹತ್ತದೆ, ಕೈ ಬಿಟ್ಟ ಕ್ಷಣದಲ್ಲಿ ಒಮ್ಮೆ ಹೊಡೆದುಕೊಳ್ಳುವ ಗಾಡಿ ಈ ದೋಷವನ್ನೇ ಹೇಳುತ್ತಿದೆ. ತಳ್ಳಿದರೆ ಹತ್ತುತ್ತದೆ, ಸೆಲ್ಫಿನಲ್ಲಿ ಹತ್ತುವುದಿಲ್ಲ ಎಂಬ ದೂರೂ ಇದೇ ಜಾತಿಯದು. ಬ್ಯಾಟರಿಯ ಕಂಬಗಳ ಮೇಲಿನ ಬಿಳಿ, ಹಸಿರು ಪುಡಿಯನ್ನು ಬಿಸಿನೀರಿನಲ್ಲಿ ತೊಳೆದು, ಕೆರೆದು, ಬಿಗಿಗೊಳಿಸಿ, ಮೇಲೆ ಸ್ವಲ್ಪ ವ್ಯಾಸಲೀನ್ ಸವರಿದರೆ ಎಷ್ಟೋ ಗಾಡಿಗಳು ಅಲ್ಲಿಗೇ ಸರಿಹೋಗುತ್ತವೆ.

ಹಳೆಯ ಡೈನಮೋ ಇರುವ ಗಾಡಿಗಳ ಮಾಲೀಕರು ಇನ್ನೊಂದನ್ನು ನೆನಪಿಡಬೇಕು. ಇಂಜಿನ್ ನಿಧಾನವಾಗಿ ತಿರುಗುವಾಗ ಡೈನಮೋ ಬಹುಮಟ್ಟಿಗೆ ಏನನ್ನೂ ಕೊಡುವುದಿಲ್ಲ. ಕಾರ್ತಿಕ ಮಾಸದ ಕಡೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಚೀಲ ಹೇರಿಕೊಂಡು ಬಂದು, ಜನಜಂಗುಳಿಯಲ್ಲಿ ದೀಪ ಹೊತ್ತಿಸಿಕೊಂಡು ಅಂಗುಲ ಅಂಗುಲವಾಗಿ ತೆವಳುವ ಗಾಡಿಯಲ್ಲಿ ದೀಪಕ್ಕೂ ಕಿಡಿಗೂ ಬ್ಯಾಟರಿಯೇ ಗತಿ. ಅಂಥ ಕಡೆ ಗಾಡಿ ನಿಂತರೆ ಕಾಯಿಲನ್ನು ಬೈದು ಫಲವಿಲ್ಲ.

ಬ್ಯಾಟರಿ ಸರಿಯಿದ್ದರೆ ಮುಂದಿನದು ಬಲ್ಬಿನ ಪರೀಕ್ಷೆ. 12 ವೋಲ್ಟಿನ ಸಣ್ಣ ಬಲ್ಬಿಗೆ ಎರಡು ತಂತಿ ಕಟ್ಟಿ, ಒಂದನ್ನು ಇಂಜಿನ್ನಿನ ಕಬ್ಬಿಣಕ್ಕೂ ಇನ್ನೊಂದನ್ನು ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವ ಸಣ್ಣ ತಂತಿಯ ಬುಡಕ್ಕೂ ತಾಗಿಸಿ, ಕೀ ಹಾಕಿ ಇಂಜಿನ್ ತಿರುಗಿಸಬೇಕು. ಪಾಯಿಂಟು ತೆರೆದಾಗ ಬಲ್ಬು ಹತ್ತಬೇಕು, ಮುಚ್ಚಿದಾಗ ಆರಬೇಕು. ಹೀಗೆ ಮಿಟುಕಿದರೆ ಹರಿವು ಕಡಿಯುವುದೂ ಕೂಡುವುದೂ ನಡೆಯುತ್ತಿದೆ ಎಂದಾಯಿತು. ಒಂದೇ ಸಮನೆ ಉರಿದರೆ ಪಾಯಿಂಟು ಕೂಡುತ್ತಿಲ್ಲ: ಮಸಿ ಹಿಡಿದಿರಬಹುದು, ಅಂತರ ಹೆಚ್ಚಾಗಿರಬಹುದು, ಒಳಗಿನ ತಂತಿ ತುಂಡಾಗಿರಬಹುದು. ಉರಿಯದೇ ಇದ್ದರೆ ಕಾಯಿಲಿಗೆ ಕರೆಂಟೇ ಬರುತ್ತಿಲ್ಲ, ಇಲ್ಲವೆ ಅದರ ಸುತ್ತು ತುಂಡಾಗಿದೆ, ಇಲ್ಲವೆ ಪಾಯಿಂಟಿನ ತಂತಿಯೋ ಕಂಡೆನ್ಸರೋ ಬಾಡಿಗೆ ತಾಗಿ ನಿಂತಿದೆ.

ಬಲ್ಬು ಮಿಟುಕುತ್ತದೆ, ಆದರೂ ಕಿಡಿ ಸೋತಿದೆ ಎಂಬ ಸಂದರ್ಭವೇ ಕಠಿಣವಾದದ್ದು. ಮಲ್ಟಿಮೀಟರಿನ ಬೆಲೆ ತಿಳಿಯುವುದು ಇಲ್ಲಿ. ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಪಾಯಿಂಟು ಮುಚ್ಚಿಕೊಳ್ಳುವಂತೆ ಇಂಜಿನ್ ತಿರುಗಿಸಿ ನಿಲ್ಲಿಸಿ, ಕೀ ಹಾಕಬೇಕು. ಬಾಡಿಗೆ ಬ್ಯಾಟರಿಯ ನೆಗೆಟಿವ್ ಜೋಡಿಸಿರುವ ಗಾಡಿಯಲ್ಲಿ ಬ್ಯಾಟರಿಯ ಪಾಸಿಟಿವ್ ಕಂಬಕ್ಕೂ ಕಾಯಿಲಿಗೆ ಕರೆಂಟು ಬರುವ ಬುಡಕ್ಕೂ ನಡುವೆ ಅಳೆದರೆ ಅರ್ಧ ವೋಲ್ಟಿಗಿಂತ ಹೆಚ್ಚು ತೋರಬಾರದು. ಹೆಚ್ಚು ತೋರಿದರೆ ಅಷ್ಟು ವೋಲ್ಟು ದಾರಿಯಲ್ಲೇ, ಬಹುಶಃ ಸವೆದ ಕೀ ಸ್ವಿಚ್ಚಿನಲ್ಲಿ ಅಥವಾ ತುಕ್ಕು ಹಿಡಿದ ಜೋಡಣೆಯಲ್ಲಿ ತಿಂದುಹೋಗುತ್ತಿದೆ. ಆಮೇಲೆ ಕಾಯಿಲಿನ ಇನ್ನೊಂದು ಬುಡಕ್ಕೂ ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ನಡುವೆ ಅಳೆಯಬೇಕು. ಇಲ್ಲಿ 0.2 ಅಥವಾ 0.3 ವೋಲ್ಟಿನೊಳಗೆ ಇರಬೇಕು. ಒಂದು ವೋಲ್ಟು ತೋರಿತೆನ್ನಿ. ಆಗ ಬ್ಯಾಟರಿಯ ಕಡೆಯ ಮುಳ್ಳನ್ನು ಅಲ್ಲೇ ಬಿಟ್ಟು, ಇನ್ನೊಂದು ಮುಳ್ಳನ್ನು ಹೆಜ್ಜೆ ಹೆಜ್ಜೆಯಾಗಿ ಸರಿಸುತ್ತ ಬರಬೇಕು: ಡಿಸ್ಟ್ರಿಬ್ಯೂಟರಿನ ಬುಡ, ಆಡುವ ಪಾಯಿಂಟು, ಕದಲದ ಪಾಯಿಂಟು, ಪಾಯಿಂಟು ಕೂತಿರುವ ತಟ್ಟೆ, ಡಿಸ್ಟ್ರಿಬ್ಯೂಟರಿನ ಮೈ, ಇಂಜಿನ್ ಬ್ಲಾಕ್. ಎಲ್ಲಿ ಅಂಕಿ ತಟ್ಟನೆ ಬೀಳುತ್ತದೋ ಆ ಎರಡು ಜಾಗಗಳ ನಡುವೆ ದೋಷ ಕೂತಿದೆ. ಆಡುವ ಪಾಯಿಂಟಿಗೂ ಕದಲದ ಪಾಯಿಂಟಿಗೂ ನಡುವೆ ಬಿದ್ದರೆ ಪಾಯಿಂಟಿನ ಮುಖ ಸುಟ್ಟಿದೆ. ತಟ್ಟೆಗೂ ಮೈಗೂ ನಡುವೆ ಬಿದ್ದರೆ ಆರಂಭದಲ್ಲಿ ಹೇಳಿದ ಆ ಎರಡಂಗುಲದ ಅರ್ತ್ ತಂತಿ. ಮೈಗೂ ಬ್ಲಾಕಿಗೂ ನಡುವೆಯಾದರೆ ಹಿಡಿತದ ಬೋಲ್ಟಿನಡಿ ತುಕ್ಕು, ಜಿಡ್ಡು. ಬ್ಲಾಕಿಗೂ ಬ್ಯಾಟರಿಗೂ ನಡುವೆಯಾದರೆ ಇಂಜಿನ್ನಿನ ಅರ್ತ್ ಪಟ್ಟಿ. ಇಷ್ಟಕ್ಕೆ ಒಂದು ಬಿಡಿಭಾಗವನ್ನೂ ಕೊಳ್ಳಬೇಕಾಗಿಲ್ಲ. ಕೀ ಹಾಕಿ ಪಾಯಿಂಟು ಮುಚ್ಚಿಟ್ಟು ಬಹಳ ಹೊತ್ತು ಬಿಟ್ಟರೆ ಮಾತ್ರ ಕಾಯಿಲು ಬಿಸಿಯಾಗಿ ಕೆಡುತ್ತದೆ; ಅಳತೆ ಮುಗಿದೊಡನೆ ಕೀ ತೆಗೆಯತಕ್ಕದ್ದು.

ಪಾಯಿಂಟಿನ ಮುಖ ಉಜ್ಜಲು ಎಮರಿ ಕಾಗದ ಬೇಡ, ಅದರ ಕಣಗಳು ಲೋಹದಲ್ಲಿ ಕಚ್ಚಿಕೊಳ್ಳುತ್ತವೆ. ಇದಕ್ಕೆಂದೇ ಸಿಗುವ ತೆಳು ಅರದಿಂದ ಸಮಮಾಡಿ, ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ಒಣಗಿಸಬೇಕು. ಹೊಸ ಪಾಯಿಂಟಿನ ಮೇಲೂ ತುಕ್ಕು ಹಿಡಿಯದಂತೆ ಸವರಿದ ಎಣ್ಣೆಯ ಪೊರೆ ಇರುತ್ತದೆ. ಅದನ್ನು ಒರೆಸದೆ ಹಾಕಿ ಹೊಸದಾದರೂ ಸರಿಯಿಲ್ಲ ಎನ್ನುವವರುಂಟು. ಅಂತರವನ್ನು ನೋಡುವಾಗ ಪಾಯಿಂಟಿನ ಹಿಮ್ಮಡಿ ಕ್ಯಾಮಿನ ತುತ್ತತುದಿಯ ಮೇಲಿರಬೇಕು. ಜೀಪಿನ ವಿಲ್ಲೀಸ್ ಇಂಜಿನ್ನಿಗೆ 0.020 ಅಂಗುಲ, ಅಂದರೆ 0.5 ಮಿ.ಮೀ.; ಅಂಬಾಸಡರಿನಂಥ ಲೂಕಾಸ್ ಡಿಸ್ಟ್ರಿಬ್ಯೂಟರುಗಳಿಗೆ 0.014ರಿಂದ 0.016 ಅಂಗುಲ. ಕಣ್ಣಳತೆಯಲ್ಲಿ, ಬ್ಲೇಡಿನ ಅಳತೆಯಲ್ಲಿ ಇಡುವುದು ಸರಿಯಲ್ಲ. ನಾಲ್ಕು ಸಿಲಿಂಡರಿನ ಇಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ 100 ಕಿಡಿ ಬೇಕು. ಅಂತರ ಹೆಚ್ಚಾದರೆ ಪಾಯಿಂಟು ಮುಚ್ಚಿರುವ ಹೊತ್ತು ಕಡಿಮೆಯಾಗಿ, ಕಾಯಿಲು ತುಂಬುವುದರೊಳಗೆ ಮತ್ತೆ ತೆರೆದುಕೊಳ್ಳುತ್ತದೆ, ವೇಗದಲ್ಲಿ ಕಿಡಿ ಸೊರಗುತ್ತದೆ. ಅಂತರ ಕಡಿಮೆಯಾದರೆ ಪಾಯಿಂಟು ಸರಿಯಾಗಿ ಕಡಿಯದೆ ಅಲ್ಲೇ ಕಿಡಿ ಹಾರಿ ಸುಡುತ್ತದೆ.

ತಟ್ಟನೆ ಕಡಿಯುವಂತೆ ನೋಡಿಕೊಳ್ಳುವುದು ಕಂಡೆನ್ಸರಿನ ಕೆಲಸ. ನೋಡುವುದಕ್ಕೆ ಹೆಬ್ಬೆರಳಿನಷ್ಟೂ ಇಲ್ಲ. ಅದು ಸತ್ತರೆ ಕರೆಂಟು ಪಾಯಿಂಟಿನ ಸಂದನ್ನೇ ದಾಟಿ ಹರಿಯುತ್ತದೆ. ಮುಚ್ಚಳ ತೆಗೆದು ಇಂಜಿನ್ ತಿರುಗಿಸಿದರೆ ಪಾಯಿಂಟಿನ ಬಳಿ ಹೊಳೆಯುವ ದಪ್ಪ ಕಿಡಿ ಕಾಣುತ್ತದೆ, ಪ್ಲಗ್ಗಿನಲ್ಲಿ ಇರಬೇಕಾದ್ದು ಇಲ್ಲೇ ಖರ್ಚಾಗುತ್ತದೆ. ತಣ್ಣಗಿರುವಾಗ ಸರಿಯಾಗಿ ಹತ್ತಿ, ಹತ್ತಿಪ್ಪತ್ತು ಕಿಲೋಮೀಟರ್ ಬಂದು ಬಿಸಿಯಾದ ಮೇಲೆ ಕೆಮ್ಮಿ ನಿಂತು, ಅರ್ಧ ಗಂಟೆ ಆರಿದ ಮೇಲೆ ಮತ್ತೆ ಏನೂ ಆಗಿಲ್ಲವೆಂಬಂತೆ ಹತ್ತುವ ಗಾಡಿಯಲ್ಲಿ ಮೊದಲು ಸಂಶಯಿಸಬೇಕಾದದ್ದು ಕಂಡೆನ್ಸರನ್ನು, ಎರಡನೆಯದಾಗಿ ಕಾಯಿಲನ್ನು. ಬಿಸಿಯಾಗಿ ನಿಂತಾಗಲೇ ಗೊತ್ತಿರುವ ಒಳ್ಳೆಯ ಕಂಡೆನ್ಸರೊಂದನ್ನು ಹೊರಗಿನಿಂದ ತಾಗಿಸಿ, ಹಳೆಯದರ ತಂತಿ ಬಿಡಿಸಿ ನೋಡಿದರೆ ತೀರ್ಪು ಅಲ್ಲೇ ಸಿಗುತ್ತದೆ. ಮೆಕ್ಯಾನಿಕ್ಕಿನ ಮನೆಗೆ ತರುವಷ್ಟರಲ್ಲಿ ಆರಿಹೋದ ಗಾಡಿಯಲ್ಲಿ ಈ ದೋಷ ಕಾಣುವುದಿಲ್ಲ. ಔಷಧಿ ಸಿಂಪಡಿಸುವ ಪಾಯಿಂಟು ಮಾದರಿಯ ಹಳೆಯ ಪವರ್ ಸ್ಪ್ರೇಯರಿನ ಮ್ಯಾಗ್ನೆಟೋದಲ್ಲೂ ಇದೇ ಕಂಡೆನ್ಸರು, ಇದೇ ಪಾಯಿಂಟು, ಇದೇ ರೋಗ; ವಿಸ್ತರಣಾ ಕಾರ್ಯಕರ್ತರು ಹಳ್ಳಿಯಲ್ಲಿ ಪ್ರಾತ್ಯಕ್ಷಿಕೆ ಕೊಡುವಾಗ ಎರಡನ್ನೂ ಒಟ್ಟಿಗೆ ತೋರಿಸಬಹುದು.

ಕಾಯಿಲಿನ ವಿಷಯದಲ್ಲಿ ಕೆಟ್ಟದ್ದಕ್ಕಿಂತ ತಪ್ಪಾದದ್ದು ಹೆಚ್ಚು. ಸಾಧಾರಣ 12 ವೋಲ್ಟಿನ ಕಾಯಿಲಿನ ದಪ್ಪ ಸುತ್ತು ಸುಮಾರು 3 ಓಮ್ ತೋರುತ್ತದೆ. ಇನ್ನೊಂದು ಬಗೆಯದು ಸುಮಾರು 1.5 ಓಮಿನದು, ಅದಕ್ಕೆ ಹೊರಗಡೆ ಅಷ್ಟೇ ಓಮಿನ ಬಲಾಸ್ಟ್ ಎಂಬ ತಡೆ ಇರಬೇಕು. ಎರಡೂ ಹೊರನೋಟಕ್ಕೆ ಒಂದೇ. ಬಲಾಸ್ಟ್ ಇರುವ ಗಾಡಿಗೆ 3 ಓಮಿನ ಕಾಯಿಲು ಹಾಕಿದರೆ ಕರೆಂಟು 4ರಿಂದ 2.7 ಆಂಪಿಯರಿಗೆ ಇಳಿದು ಕಿಡಿಯ ಶಕ್ತಿ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಕಾಯಿಲು ಹೊಸದು, ಕಿಡಿ ಮಾತ್ರ ಸೋತದ್ದು. ಬಲಾಸ್ಟ್ ಇಲ್ಲದ ಗಾಡಿಗೆ 1.5 ಓಮಿನದನ್ನು ಹಾಕಿದರೆ 8 ಆಂಪಿಯರ್ ಹರಿದು ಪಾಯಿಂಟು ಕೆಲವೇ ದಿನಗಳಲ್ಲಿ ಸುಟ್ಟು ಕೂರುತ್ತದೆ. ಆದುದರಿಂದ ಜೆ.ಸಿ. ರಸ್ತೆಯ ಅಂಗಡಿಗೆ ಹೋಗುವಾಗ ಗಾಡಿಯ ಹೆಸರು ಹೇಳಿದರೆ ಸಾಲದು, ಹಳೆಯ ಕಾಯಿಲನ್ನೇ ಕೈಯಲ್ಲಿ ಹಿಡಿದು ಹೋಗಿ ಓಮ್ ಅಳೆಸಿ ತರಬೇಕು. ಸೆಲ್ಫ್ ಹೊಡೆಯುವಾಗ ಹತ್ತಿ, ಕೀ ಬಿಟ್ಟೊಡನೆ ಆರಿಹೋಗುವ ಗಾಡಿಯಲ್ಲಿ ಬಲಾಸ್ಟೇ ತುಂಡಾಗಿರುವ ಸಂಭವ ಹೆಚ್ಚು. ಬ್ರಿಟಿಷ್ ಮೂಲದ ಕೆಲವು ಹಳೆಯ ಗಾಡಿಗಳಲ್ಲಿ ಬ್ಯಾಟರಿಯ ಪಾಸಿಟಿವ್ ಕಂಬವೇ ಬಾಡಿಗೆ ಸೇರಿರುತ್ತಿತ್ತು. ಅದನ್ನು ಬದಲಾಯಿಸಿದವರು ಕಾಯಿಲಿನ ಎರಡು ಸಣ್ಣ ತಂತಿಗಳನ್ನೂ ಅದಲುಬದಲು ಮಾಡದಿದ್ದರೆ ಪ್ಲಗ್ಗಿಗೆ ಕಿಡಿ ಉಲ್ಟಾ ಹೋಗಿ, ಅದೇ ಸಂದಿಗೆ ಹೆಚ್ಚು ವೋಲ್ಟು ಬೇಕಾಗುತ್ತದೆ.

ಕಾಯಿಲಿನ ಕಿಡಿ ಬಲವಾಗಿದ್ದೂ ಪ್ಲಗ್ಗಿನಲ್ಲಿ ಸೊರಗಿದ್ದರೆ ಮಾತ್ರ ಮುಚ್ಚಳ, ರೋಟರ್, ದಪ್ಪ ತಂತಿಗಳ ಸರದಿ. ಮಳೆಗಾಲದಲ್ಲಿ ಮಲ್ಲೇಶ್ವರದ ಎಂಟನೆಯ ಅಡ್ಡರಸ್ತೆಯ ಬದಿ ಮಾಲಿಳಿಸಿ ನಿಂತ ಗಾಡಿ ಮತ್ತೆ ಹತ್ತದಿದ್ದರೆ ಮುಚ್ಚಳದೊಳಗಿನ ತೇವವನ್ನು ಒಣಬಟ್ಟೆಯಿಂದ ಒರೆಸಿದರೆ ಸಾಕಾಗಬಹುದು. ಒಳಗೆ ಪೆನ್ಸಿಲ್ ಗೀಟಿನಂಥ ಕಪ್ಪು ಗೆರೆ ಕಂಡರೆ ಅದು ಕಿಡಿ ಮಾಡಿಕೊಂಡ ಕಳ್ಳದಾರಿ. ಅಂಥ ಮುಚ್ಚಳವನ್ನು ಕೆರೆದು ಉಪಯೋಗವಿಲ್ಲ, ಬದಲಿಸಬೇಕು. ಕತ್ತಲಲ್ಲಿ ಇಂಜಿನ್ ಓಡಿಸಿ ನೋಡಿದರೆ ಸೋರುವ ತಂತಿಗಳ ಮೇಲೆ ನೀಲಿ ಮಿಣುಕು ಕಾಣುತ್ತದೆ.

ಪ್ಲಗ್ಗು ಕಡೆಯದು. ಆಡುಗೋಡಿಯಲ್ಲಿ ಬಹುಕಾಲ ಕಾರ್ಖಾನೆ ನಡೆಸಿ, 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡ ಮೈಕೋದ ಪ್ಲಗ್ಗುಗಳ ಕಾಲದಿಂದ ಬೆಂಗಳೂರಿನ ಸುತ್ತಿನವರಿಗೆ ಪ್ಲಗ್ಗು ಹೊಸದಲ್ಲ. ವಿಲ್ಲೀಸ್ ಇಂಜಿನ್ನಿಗೆ ಅಂತರ 0.030 ಅಂಗುಲ, ಅಂಬಾಸಡರಿಗೆ 0.025. ತುದಿ ಸವೆದು ಅಂತರ ಅಗಲವಾದಷ್ಟೂ ಹೆಚ್ಚು ವೋಲ್ಟು ಕೇಳುತ್ತದೆ. ಒಣ ಕರಿಮಸಿ ಹಿಡಿದಿದ್ದರೆ ಕಾರ್ಬ್ಯುರೇಟರು ಹೆಚ್ಚು ಪೆಟ್ರೋಲ್ ಕೊಡುತ್ತಿದೆ ಅಥವಾ ಕಿಡಿಯೇ ಸೋತಿದೆ. ಎಣ್ಣೆಯಲ್ಲಿ ತೊಯ್ದಿದ್ದರೆ ರಿಂಗು ಸವೆದಿದೆ, ಆಗ ಕಿಡಿಯ ಚಿಕಿತ್ಸೆಯಿಂದ ರೋಗ ವಾಸಿಯಾಗದು.

ಪಾಯಿಂಟಿನ ಅಂತರವನ್ನು ಮುಟ್ಟಿದ ಮೇಲೆ ಟೈಮಿಂಗನ್ನು ಮತ್ತೆ ನೋಡಲೇಬೇಕು. ಅಂತರ ಹೆಚ್ಚಿಸಿದರೆ ಕಿಡಿ ಮುಂಚಿತವಾಗುತ್ತದೆ, ತಗ್ಗಿಸಿದರೆ ತಡವಾಗುತ್ತದೆ. ಕ್ಯಾಮಿನ ನಾಲ್ಕು ತುದಿಗಳಲ್ಲಿ ಫೀಲರ್ ಗೇಜು ನಾಲ್ಕು ಬಗೆಯ ಅಂತರ ತೋರಿಸಿದರೆ, ರೋಟರ್ ಹಿಡಿದು ಪಕ್ಕಕ್ಕೆ ಅಲುಗಿಸಿದಾಗ ದಂಡ ಆಡಿದರೆ ಡಿಸ್ಟ್ರಿಬ್ಯೂಟರಿನ ಬುಷ್ ಸವೆದಿದೆ. ಅಂಥದಕ್ಕೆ ಎಷ್ಟು ಸಲ ಪಾಯಿಂಟು ಇಟ್ಟರೂ ಕಿಡಿ ಒಂದೇ ಸಮ ನಿಲ್ಲುವುದಿಲ್ಲ. ಡಿಸ್ಟ್ರಿಬ್ಯೂಟರನ್ನು ಬಿಚ್ಚಿ ಲೇತ್ ಕೆಲಸದವರಲ್ಲಿ ಹೊಸ ಬುಷ್ ಹಾಕಿಸಿಯೇ ಮುಂದಿನ ಹೇರನ್ನು ಹೊರಡಿಸಬೇಕು.